ಅರವತ್ತು

ಮೂರನೇ ಮಹಡಿ. ಲಿಫ್ಟ್ ಕೆಟ್ಟಿದೆ. ಹೊರಗೆ ಮೈನಸ್ ಇಪ್ಪತ್ತೆಂಟು.
ಉಲಾನ್‌ಬಾತರಿನ ಕಲ್ಲಿದ್ದಲ ಹೊಗೆಯನ್ನು
ಕೋಟಿನ ಮಡಿಕೆಯಲ್ಲಿ ಹೊತ್ತೇ ಬರುತ್ತಾರೆ ಗಿರಾಕಿಗಳು.
ಕನ್ನಡಕದ ತುಂಬ ಮಂಜು.
ಮೊದಲು ಒರೆಸಿಕೊಳ್ಳಿ ಅನ್ನುತ್ತೇನೆ,
ಮಾನಿಟರ್ ಆಮೇಲೆ ನೋಡೋಣ.

ಹನ್ನೊಂದು ವರ್ಷದಿಂದ ಇದೇ ಪ್ರಶ್ನೆಗಳು.
ಮನುಷ್ಯರ ಕಣ್ಣಿಗೆ ಸೆಕೆಂಡಿಗೆ ಮೂವತ್ತರ ಮೇಲೆ ಕಾಣುವುದೇ ಇಲ್ಲವಂತೆ.
ಚಿನ್ನದ ನೀರು ಕುಡಿಸಿದ ಕೇಬಲ್ಲಿಗೆ ಬಣ್ಣ ಹೆಚ್ಚಂತೆ.
ಬಾಗಿದ ಪರದೆಯಲ್ಲಿ ಗುಂಡು ಗುರಿ ತಪ್ಪುವುದಿಲ್ಲವಂತೆ.
ಡಬ್ಬದ ಮೇಲೆ ಒಂದು ಮಿಲಿಸೆಕೆಂಡ್ ಅಂತ ಅಚ್ಚಾಗಿದೆಯಲ್ಲ,
ಮತ್ತೆ?
ಈ ಅಂತೆಗಳ ಕಂತೆ ಬಿಚ್ಚಿಟ್ಟರೆ
ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಸೊಡ್ನೊಮ್ ಬಂದದ್ದು ಬೇಕರಿಯ ರಾತ್ರಿಪಾಳಿ ಮುಗಿಸಿ,
ಉಗುರಲ್ಲಿ ಇನ್ನೂ ಮೈದಾ.
ಮೂವತ್ತೆರಡು ಇಂಚೇ ಬೇಕು ಅಂದ,
ದೊಡ್ಡದಾದಷ್ಟೂ ಶತ್ರು ದೊಡ್ಡದಾಗಿ ಕಾಣುತ್ತಾನೆ.
ನಿನ್ನ ಮೇಜು ಎಷ್ಟು ಅಗಲ?
ಗಾಳಿಯಲ್ಲೇ ಅಳೆದ: ಎರಡೂವರೆ ಗೇಣು.
ಅಷ್ಟರಲ್ಲಿ ಕೂತು ಗೋಡೆಯಗಲ ನೋಡಿದರೆ
ಕತ್ತು ಬೀಸುಕಲ್ಲಾದೀತು ಮಾರಾಯ.

ಇನ್ನೊಂದು ಮಾತೂ ಹೇಳಿದೆ.
ನಿನ್ನ ಹಳೆ ಕಾರ್ಡು ತೊಂಬತ್ತು ಚಿತ್ರ ಬೇಯಿಸೀತು,
ಜಗಳ ಜೋರಾದರೆ ಎಪ್ಪತ್ತು.
ನೂರ ನಲವತ್ನಾಲ್ಕರ ಪರದೆ ಅದನ್ನು ಹೆಚ್ಚಿಸುವುದಿಲ್ಲ,
ಬಂದಷ್ಟನ್ನು ತಡಮಾಡದೆ ಬಡಿಸುತ್ತದೆ.
ಒಲೆ ಬೇರೆ, ತಟ್ಟೆ ಬೇರೆ.
ತಲೆಯಾಡಿಸಿದ.
ಇಪ್ಪತ್ನಾಲ್ಕು ಇಂಚು, ಒಂದು ಕೈ ದಾಟಿದ್ದು,
ಎಡಮೂಲೆಯಲ್ಲಿ ಸತ್ತ ಒಂದು ಚುಕ್ಕೆ.
ಆ ಚುಕ್ಕೆಯ ಹೆಸರಲ್ಲಿ ಇಪ್ಪತ್ತು ಸಾವಿರ ತುಗ್ರಿಕ್ ಇಳಿಸಿದೆ.
ಕಂಬಳಿಯಲ್ಲಿ ಸುತ್ತಿಕೊಂಡು
ಕೂಸಿನ ಹಾಗೆ ಎದೆಗವಚಿ ಮೆಟ್ಟಿಲಿಳಿದ.

ಮೂರು ವಾರಕ್ಕೆ ಗೆಳೆಯರ ದಂಡು ಕಟ್ಟಿಕೊಂಡು ಹಾಜರು.
ಅರವತ್ತೆಲ್ಲಿ ಇದೆಲ್ಲಿ!
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತಿರುಗುತ್ತದೆ ನೋಡ್ರೋ,
ಹಳೇದರ ಮುಂದೆ ಇನ್ನು ಕೂರಲಾರೆ, ತಲೆನೋವು.
ಅವನ ಬಾಯಿಂದ ಮೂರು ಮಾನಿಟರ್ ಮಾರಿದೆ.
ಗಾಲ್ಸನ್ ಎಂಬವನಂತೂ ಸಾಲ ಮಾಡಿ ಕೊಂಡ.

ತ್ಸಗಾನ್ ಸಾರ್ ಹಬ್ಬ ಮುಗಿದ ವಾರ
ಸ್ಟ್ಯಾಂಡಿನ ತಿರುಪು ಕೊಡಲು ಅವನ ಮನೆಗೆ ಹೋದೆ.
ಅವರಮ್ಮ ಹಾಲು ಹಾಕಿದ ಉಪ್ಪು ಚಹಾ ತಂದಿಟ್ಟರು.
ಸೊಡ್ನೊಮ್ ಆಡುತ್ತಿದ್ದ, ಎವೆಯಿಕ್ಕದೆ.
ಬೆನ್ನ ಹಿಂದೆ ನಿಂತ ನನಗೆ ಏನೋ ಎಡವಿದಂತಾಯಿತು.
ಆಟ ಮುಗಿದ ಮೇಲೆ, ಒಂದು ನಿಮಿಷ ಏಳು ಅಂದು
ಸೆಟ್ಟಿಂಗ್ಸ್ ತೆರೆದೆ.

ಅರವತ್ತು.

ತಂದ ದಿನದಿಂದ ಅರವತ್ತು.
ಯಾರೂ ಬದಲಿಸಿರಲಿಲ್ಲ, ಬದಲಿಸಬೇಕೆಂದು ನಾನೂ ಹೇಳಿರಲಿಲ್ಲ.
ಆ ಬೆಣ್ಣೆ, ಆ ಕೂದಲು, ಆ ತಲೆನೋವು
ಎಲ್ಲ ಅವನು ಕೊಟ್ಟ ದುಡ್ಡಿಗೆ ಕಂಡದ್ದು.

ನೂರ ನಲವತ್ನಾಲ್ಕು ಒತ್ತಿ ಸುಮ್ಮನೆ ಚಹಾ ಕುಡಿದೆ.
ಅವನು ಕೂತ. ಮೌಸ್ ಒಂದಿಷ್ಟು ಸರಿಸಿದ.
ಕೈ ನಿಂತಿತು.
ಮತ್ತೆ ಸರಿಸಿದ, ಆಟವನ್ನೇ ತೆರೆಯದೆ,
ಖಾಲಿ ಪರದೆಯ ಮೇಲೆ ಬಾಣವನ್ನು
ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ.
ಅಕ್ಕಾ, ಏನು ಮಾಡಿದಿರಿ?
ಅಂದರೆ ಕಣ್ಣಿಗೆ ಕಾಣುತ್ತದೆ, ಮೂವತ್ತರಾಚೆ, ಅರವತ್ತರಾಚೆ.
ಕಾಣದ್ದೂ ಕಾಣುತ್ತದೆ, ಅದೇ ಕಣ್ಣಿಗೆ.
ಹೇಳಿದೆ. ಅವನ ಕಿವಿ ಕೆಂಪಾಯಿತು.
ಗಾಲ್ಸನ್‌ಗೆ ಹೇಳಬೇಡಿ ಅಂದ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರಲ್ಲ.
ಮರುದಿನ ಅಂಗಡಿಯ ಬಾಗಿಲು ತೆರೆದೆ, ಹೀಟರ್ ಹಾಕಿದೆ.
ಗಲ್ಲಾಪೆಟ್ಟಿಗೆಯ ಪಕ್ಕ ಅದೊಂದು ಪರದೆ ಇದೆ,
ಎರಡು ವರ್ಷದಿಂದ ಬಂದವರಿಗೆಲ್ಲ
ವ್ಯತ್ಯಾಸ ನೋಡಿ, ನೋಡಿ, ಎಂದು ನಾನು ತೋರಿಸುವುದು.
ಅದರ ಧೂಳು ಒರೆಸಿದೆ.
ಸೆಟ್ಟಿಂಗ್ಸ್ ಇನ್ನೂ ತೆರೆದಿಲ್ಲ.